ಗಪ್ಪಿ ನಮ್ಮ ಕೆರೆ ಮೀನಾ?

ಪ್ರಶ್ನೆ: ಸರ್, ಮನೆ ಟ್ಯಾಂಕಲ್ಲಿ ಗಪ್ಪಿ ಮೊಟ್ಟೆ ಇಡದೆ ನೇರ ಮರೀನೇ ಹಾಕ್ತು. ಬೆಳಿಗ್ಗೆ 20 ಇದ್ದವು, ಸಂಜೆಗೆ ಆರೇ! ಇದು ನಮ್ಮ ಕಡೆ ಮೀನೇನಾ?
(ಓದುಗರೊಬ್ಬರು, ತುಮಕೂರು)

ಉತ್ತರ: ಉಳಿದವು ಅಮ್ಮನ ಹೊಟ್ಟೆಗೇ ಹೋಗಿರ್ತವೆ ಬಿಡಿ, ಗಪ್ಪಿಗೆ ತನ್ನ ಮರಿ ಅಂತೇನೂ ಕನಿಕರ ಇಲ್ಲ, ಸ್ವಲ್ಪ ಪಾಚಿ ಹಾಕಿಡಿ, ಅವಿತ್ಕೊಳ್ತವೆ. ಮೊಟ್ಟೆ ತಾಯಿ ಹೊಟ್ಟೇಲೇ ಬೆಳೆದು ಸುಮಾರು ನಾಲ್ಕು ವಾರಕ್ಕೆ ಈಜೋ ಮರಿ ಹೊರಗೆ ಬರುತ್ತೆ. ಗಂಡಿನ ವೀರ್ಯನ ತಿಂಗಳುಗಟ್ಟಲೆ ಒಳಗೇ ಇಟ್ಕೊಳ್ಳೋದ್ರಿಂದ ಒಂಟಿ ಹೆಣ್ಣು ತಂದ್ರೂ ಮರಿ ಹಾಕುತ್ತೆ, ಗಾಬರಿ ಆಗ್ಬೇಡಿ.

ನಮ್ಮದಲ್ಲ, ತವರು ವೆನೆಜುವೆಲಾ, ಗಯಾನಾ, ಟ್ರಿನಿಡಾಡ್ ಕಡೆ. ಟ್ರಿನಿಡಾಡ್‌ನ ಉತ್ತರದ ಬೆಟ್ಟದ ಹಳ್ಳಗಳಲ್ಲಿ ಒಂದು ಮಜಾ ಇದೆ. ಜಲಪಾತದ ಕೆಳಗೆ ದೊಡ್ಡ ಬೇಟೆ ಮೀನುಗಳಿರೋದ್ರಿಂದ ಅಲ್ಲಿನ ಗಂಡು ಗಪ್ಪಿ ಮಂಕು, ಮೇಲೆ ಆ ಕಾಟ ಕಮ್ಮಿ, ಹಾಗಾಗಿ ಮೈತುಂಬಾ ಕಿತ್ತಳೆ ಚುಕ್ಕೆ, ಮದುವೆ ಗಂಡಿನ ಥರ ಮಿಂಚ್ತಾವೆ. 1976ರಲ್ಲಿ ಜಾನ್ ಎಂಡ್ಲರ್ ಅನ್ನೋ ವಿಜ್ಞಾನಿ ಕೆಳಗಿನ ಸುಮಾರು 200 ಗಪ್ಪಿನ ಗಪ್ಪಿಯೇ ಇಲ್ಲದ, ಬೇಟೆ ಮೀನಿನ ಕಾಟ ಕಮ್ಮಿ ಇರೋ ಹಳ್ಳಕ್ಕೆ ಬಿಟ್ರು, ಎರಡು ವರ್ಷದೊಳಗೇ ಅವುಗಳ ಸಂತತಿ ರಂಗುರಂಗಾಗಿತ್ತು!

ನಮ್ಮಲ್ಲಿ ಸೊಳ್ಳೆ ಮರಿ ತಿನ್ನಲಿ ಅಂತ ಬಾವಿ, ತೊಟ್ಟಿಗೆ ಬಿಡ್ತಾರೆ. ಆದ್ರೆ ಟ್ಯಾಂಕ್ ತುಂಬಿತು ಅಂತ ಊರ ಕೆರೆಗೆ ಮಾತ್ರ ಸುರಿಬೇಡಿ, ಅಲ್ಲಿನ ಸಣ್ಣ ಮೀನುಗಳ ಅನ್ನಕ್ಕೆ ಕಲ್ಲು ಬೀಳುತ್ತೆ.