ತೋಟಾ ಒಳಗೆ ಹೋದರೆ ಸಾಲದು, ಸಿಲಿಂಡರ್ ತಡೆಯಬೇಕು

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರ ಕಾಫಿ ತೋಟ. ತಾತನ ಕಾಲದ .32 ಬೋರಿನ ಸಿಂಗಲ್ ಆ್ಯಕ್ಷನ್ (ಪ್ರತಿ ಗುಂಡಿಗೂ ಹ್ಯಾಮರನ್ನು ಕೈಯಲ್ಲೇ ಎಳೆಯಬೇಕಾದ) ರಿವಾಲ್ವರ್ ಮನೆಯಲ್ಲಿದೆ, ಲೈಸೆನ್ಸ್ ನನ್ನ ಹೆಸರಿಗಿದೆ. ಅಮೆರಿಕದಲ್ಲಿರುವ ಅಕ್ಕನ ಮಗ ತನ್ನ .45 ಕೋಲ್ಟ್ ರಿವಾಲ್ವರನ್ನು .454 ಕ್ಯಾಸುಲ್ ತೋಟಾಕ್ಕೆ ಬದಲಾಯಿಸಿಕೊಂಡು ಕಾಡುಹಂದಿ ಹೊಡೆದ ಫೋಟೊ ಕಳಿಸಿದ್ದಾನೆ. ನಮ್ಮಲ್ಲೂ ಹಂದಿ ಕಾಟ ವಿಪರೀತ. ಹಾಸನದಲ್ಲಿ ಒಳ್ಳೆಯ ಲೇತ್ ಕೆಲಸದವರಿದ್ದಾರೆ. ನನ್ನದನ್ನೂ ದೊಡ್ಡ ತೋಟಾಕ್ಕೆ ಕೊರೆಸಬಹುದೇ?
– ಒಬ್ಬ ಬೆಳೆಗಾರ, ಮೂಡಿಗೆರೆ ತಾಲ್ಲೂಕು

ಉತ್ತರ: ಬೇಡ. ಕೊರೆಸುವ ಮಾತನ್ನು ಲೇತ್ ಅಂಗಡಿಯಲ್ಲಿ ಎತ್ತಲೂ ಬೇಡಿ. ಸೇನೆಯ ಯಂತ್ರ, ಆಯುಧ ದುರಸ್ತಿ ವಿಭಾಗವಾದ ಇಎಂಇಯ ವರ್ಕ್‌ಶಾಪಿನಲ್ಲಿ ಆಯುಧ ದುರಸ್ತಿ ಮಾಡಿಕೊಂಡೇ ನಿವೃತ್ತನಾಗಿ ಹಾಸನಕ್ಕೆ ಬಂದವನು ನಾನು. ಬರೀ ಕಾನೂನಿನ ಭಯ ಹುಟ್ಟಿಸಿ ನಿಮ್ಮನ್ನು ಸುಮ್ಮನಾಗಿಸುವುದು ನನಗೆ ಇಷ್ಟವಿಲ್ಲ. ಕಬ್ಬಿಣದ ಲೆಕ್ಕ ಮೊದಲು ನೋಡೋಣ.

ರಿವಾಲ್ವರಿನಲ್ಲಿ ಮದ್ದು ಹೊತ್ತಿಕೊಳ್ಳುವುದು ನಳಿಗೆಯಲ್ಲಲ್ಲ, ತೋಟಾಗಳನ್ನು ಹಿಡಿದು ತಿರುಗುವ ಸಿಲಿಂಡರಿನ ಮನೆಯೊಳಗೆ, ಅಂದರೆ ತೋಟಾ ಕೂರುವ ತೂತಿನೊಳಗೆ. ಆ ಕ್ಷಣದ ಒತ್ತಡವನ್ನು ತಡೆಯುವುದು ಮನೆಯ ಸುತ್ತಲಿನ ತೆಳು ಉಕ್ಕಿನ ಗೋಡೆ. 1873ರ ಕೋಲ್ಟ್ ಸಿಂಗಲ್ ಆ್ಯಕ್ಷನ್ ಬಂದಾಗ ಕಪ್ಪು ಮದ್ದಿನ ಕಾಲ. .45 ಕೋಲ್ಟ್ ತೋಟಾಕ್ಕೆ ಅಮೆರಿಕದ ತಯಾರಕರು ಇವತ್ತಿಗೂ ಇಟ್ಟುಕೊಂಡಿರುವ ಗರಿಷ್ಠ ಒತ್ತಡ ಚದರ ಇಂಚಿಗೆ 14,000 ಪೌಂಡ್. .44 ಮ್ಯಾಗ್ನಮ್‌ಗೆ 36,000. ನಿಮ್ಮ ಅಕ್ಕನ ಮಗನ .454 ಕ್ಯಾಸುಲ್‌ಗೆ 65,000. ಗುಂಡಿನ ದಪ್ಪ .45 ಕೋಲ್ಟಿನಷ್ಟೇ, ಒತ್ತಡ ಮಾತ್ರ ನಾಲ್ಕೂವರೆ ಪಟ್ಟು ಮೀರಿದ್ದು. ತೂತು ದೊಡ್ಡದು ಮಾಡುವುದು ಅರ್ಧ ಗಂಟೆಯ ಕೆಲಸ ಇರಬಹುದು, ಆದರೆ ತೂತು ದೊಡ್ಡದಾದಷ್ಟೂ ಗೋಡೆ ತೆಳ್ಳಗಾಗುತ್ತದೆ. ಹೆಚ್ಚು ಒತ್ತಡಕ್ಕೆ ಕಡಿಮೆ ಉಕ್ಕು ಕೊಟ್ಟ ಹಾಗಾಯಿತು.

ಇನ್ನೊಂದು ವಿಷಯ, ಇದನ್ನು ದಯವಿಟ್ಟು ಗಮನಿಸಿ. 1935ರಲ್ಲಿ .38 ಸ್ಪೆಷಲ್‌ನಿಂದ .357 ಮ್ಯಾಗ್ನಮ್ ಎಂಬ ಹೆಚ್ಚು ಜೋರಿನ ತೋಟಾ ಹುಟ್ಟಿಸಿದಾಗ ಅದರ ಖೋಲನ್ನು ಸುಮಾರು ಎಂಟನೇ ಒಂದು ಇಂಚು ಉದ್ದ ಮಾಡಿದರು. .454 ಕ್ಯಾಸುಲ್ ಕೂಡ .45 ಕೋಲ್ಟಿಗಿಂತ ಸುಮಾರು ಹತ್ತನೇ ಒಂದು ಇಂಚು ಉದ್ದ. ಜೋರಿನ ತೋಟಾ ಹಳೆಯ ಬಡ ರಿವಾಲ್ವರಿನೊಳಗೆ ಕೂರಲೇಬಾರದು ಎಂಬ ಕಾಳಜಿ ಆ ಉದ್ದದ ಹಿಂದಿದೆ. ಬಳಸುವವನ ಕೈ ಉಳಿಯಲಿ ಎಂದು ತಯಾರಕರು ಇಟ್ಟ ಬೀಗ ಅದು. ಕೊರೆಸುವುದೆಂದರೆ ಆ ಬೀಗವನ್ನು ಒಡೆಸುವುದು.

ಹಾಗಾದರೆ ಅಮೆರಿಕದವರು ಹೇಗೆ ಮಾಡುತ್ತಾರೆ? ಯೂಟಾದ ಡಿಕ್ ಕ್ಯಾಸುಲ್ 1950ರ ದಶಕದಲ್ಲಿ ಕೋಲ್ಟ್ ಸಿಂಗಲ್ ಆ್ಯಕ್ಷನ್‌ನಲ್ಲೇ ಜೋರಿನ ಮದ್ದು ತುಂಬಿ ನೋಡಿದ. ಅದು ತಾಳಲಿಲ್ಲ. ಆಮೇಲೆ ಹದ ಕೊಟ್ಟ ಮಿಶ್ರಲೋಹದ ಉಕ್ಕಿನಲ್ಲಿ ಹೊಸ ಸಿಲಿಂಡರನ್ನೇ ಮಾಡಿದ, ಆರು ಮನೆಯ ಬದಲು ಐದು ಮನೆ. ಐದೇ ಯಾಕೆ? ಸಿಲಿಂಡರಿನ ಹೊರಮೈಯಲ್ಲಿ ಅದನ್ನು ತಿರುಗದಂತೆ ಹಿಡಿಯುವ ಕಚ್ಚುಗಳಿರುತ್ತವಲ್ಲ, ಕೋಲ್ಟ್ ಮಾದರಿಯ ಆರು ಮನೆಯ ಸಿಲಿಂಡರಿನಲ್ಲಿ ಅವು ಬರುವುದು ಹೆಚ್ಚುಕಡಿಮೆ ಮನೆಯ ನೆತ್ತಿಯ ಮೇಲೇ, ಅಂದರೆ ಗೋಡೆ ಅತಿ ತೆಳುವಾದ ಕಡೆ. ಐದು ಮನೆ ಮಾಡಿದರೆ ಕಚ್ಚು ಎರಡು ಮನೆಗಳ ನಡುವಿನ ದಪ್ಪ ಉಕ್ಕಿನ ಮೇಲೆ ಬೀಳುತ್ತದೆ. ನನಗೆ ಈ ಕಸುಬಿನಲ್ಲಿ ಅತ್ಯಂತ ಗೌರವ ಹುಟ್ಟಿಸಿದ ಯೋಚನೆಗಳಲ್ಲಿ ಇದೊಂದು. 1983ರಿಂದ ವಯೋಮಿಂಗಿನ ಫ್ರೀಡಮ್ ಆರ್ಮ್ಸ್ ಆ ತೋಟಾಕ್ಕೆಂದೇ ಐದು ಮನೆಯ ಸಿಂಗಲ್ ಆ್ಯಕ್ಷನ್ ತಯಾರಿಸಿತು. ಜಾನ್ ಲೈನ್‌ಬಾ ಎಂಬಾತ ರೂಗರ್ ಕಂಪನಿಯ ರಿವಾಲ್ವರ್ ಚೌಕಟ್ಟಿಗೆ ಹೊಸ ಸಿಲಿಂಡರ್, ಹೊಸ ನಳಿಗೆ ಕೂರಿಸಿ .475, .500 ಬೋರಿನವರೆಗೂ ಹೋದ. ನಿಮ್ಮ ಅಕ್ಕನ ಮಗನಿಗೆ ಕೆಲಸ ಮಾಡಿಕೊಟ್ಟವರೂ ಹಳೆಯ ಸಿಲಿಂಡರನ್ನೇ ಕೊರೆದಿರಲಾರರು. ಅವನನ್ನೇ ಕೇಳಿ ನೋಡಿ.

ನಮ್ಮ ಹಾಸನದ ಲೇತಿನವರ ಕೈಗುಣದ ಬಗ್ಗೆ ನನಗೆ ಅನುಮಾನವಿಲ್ಲ. ಪಲ್ಪರ್ ಶಾಫ್ಟು, ಪಂಪಿನ ಬುಷ್ಷು ಅವರ ಹಾಗೆ ಮಾಡಿಕೊಡುವವರು ಕಡಿಮೆ. ಆದರೆ ತಾತನ ರಿವಾಲ್ವರಿನ ಉಕ್ಕು ಯಾವುದು, ಹದ ಎಷ್ಟು, ಒಳಗೆ ಕೂದಲೆಳೆ ಬಿರುಕಿದೆಯೇ ಎಂಬುದನ್ನು ಲೇತು ಹೇಳುವುದಿಲ್ಲ. ಬಂದೂಕು ಮಾರುವ ಮೊದಲು ಮಾಮೂಲಿಗಿಂತ ಜೋರಿನ ತೋಟಾ ಹಾರಿಸಿ, ತಡೆದರೆ ಮಾತ್ರ ಮುದ್ರೆ ಒತ್ತುವ ಪರೀಕ್ಷೆ ಇದೆ. ಬರ್ಮಿಂಗ್‌ಹ್ಯಾಮಿನಲ್ಲಿ ಅದಕ್ಕೆಂದೇ 1813ರಲ್ಲಿ ಪ್ರೂಫ್ ಹೌಸ್ ಕಟ್ಟಿದರು. ಕೊರೆಸಿದ ಮೇಲೆ ನಿಮ್ಮ ರಿವಾಲ್ವರಿನ ಹಳೆಯ ಮುದ್ರೆಗೆ ಬೆಲೆಯಿಲ್ಲ. ಪರೀಕ್ಷೆ ನಡೆಯುವುದು ನಿಮ್ಮ ಮುಖದ ಮುಂದೆ. ಆಲೂರು ಕಡೆ ಒಂದು ಹಳ್ಳಿಯಲ್ಲಿ ನಳಿಗೆಯ ಬಾಯಿಂದ ಮದ್ದು ತುಂಬುವ ಕೇಪಿನ ಕೋವಿ ಸಿಡಿದು ಹೆಬ್ಬೆರಳು ಕಳೆದುಕೊಂಡವರನ್ನು ನಾನು ಬಲ್ಲೆ. ಅಲ್ಲಿ ಆಗಿದ್ದು ಮದ್ದು ಸ್ವಲ್ಪ ಹೆಚ್ಚಾಗಿದ್ದು, ಅಷ್ಟೇ.

ಈಗ ಕಾನೂನು. 1959ರ ಆಯುಧ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಬಂದೂಕು ಮಾರ್ಪಡಿಸುವುದಿರಲಿ, ರಿಪೇರಿ ಮಾಡಿಕೊಡಲೂ ಬೇರೆ ಲೈಸೆನ್ಸ್ ಬೇಕು. ನಿಮ್ಮಲ್ಲಿರುವ ಲೈಸೆನ್ಸ್ ಅದಕ್ಕೆ ಸಾಲದು. 2019ರ ತಿದ್ದುಪಡಿಯ ನಂತರ ಈ ತಪ್ಪಿಗೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ ಶಿಕ್ಷೆ. ನೀವು ಕರೆದುಕೊಂಡು ಹೋದ ಲೇತ್ ಹುಡುಗನೂ ಒಳಗೆ ಹೋಗುತ್ತಾನೆ. ಅವನ ಮನೆಯವರನ್ನು ನೆನೆಯಿರಿ.

ಹಂದಿ ಕಾಟ ನಿಜವಾದ ಕಷ್ಟ, ನನಗೆ ಗೊತ್ತು. ಒಂದೇ ರಾತ್ರಿಯಲ್ಲಿ ಗದ್ದೆ, ಶುಂಠಿ ಪಟ್ಟೆ ಉಳುಮೆ ಮಾಡಿದ ಹಾಗೆ ಆಗಿರುತ್ತದೆ. ಆದರೆ 1972ರ ವನ್ಯಜೀವಿ ಕಾಯ್ದೆಯಡಿ ಕಾಡುಹಂದಿಯನ್ನು ನಿಮ್ಮಿಷ್ಟಕ್ಕೆ ಹೊಡೆಯುವಂತಿಲ್ಲ. ಬೆಳೆಗೆ ಅಪಾಯವಾದಾಗ ಮುಖ್ಯ ವನ್ಯಜೀವಿ ವಾರ್ಡನ್ ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿಯಿಂದ ಲಿಖಿತ ಆದೇಶ ಬೇಕು. ಅದು ಸಿಕ್ಕರೂ ಕತ್ತಲಲ್ಲಿ ಕಾಫಿ ಗಿಡದ ಸಂದಿಯಿಂದ ನುಗ್ಗುವ ಹಂದಿಗೆ ರಿವಾಲ್ವರ್ ಹಿಡಿದು ನಿಲ್ಲುವುದು ಸರಿಯಲ್ಲ. ಗಾಯಗೊಂಡ ಹಂದಿ ತಿರುಗಿ ಬೀಳುತ್ತದೆ, ತಪ್ಪಿದ ಗುಂಡು ಕಾರ್ಮಿಕರ ಲೈನ್ ಮನೆಗಳ ಕಡೆ ಹೋಗುತ್ತದೆ. ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಬೆಳೆ ಪರಿಹಾರಕ್ಕೆ ಅರ್ಜಿ ಕೊಡಿ, ಹಾನಿಯ ಫೋಟೊ ಅದೇ ಬೆಳಿಗ್ಗೆ ತೆಗೆದಿಡಿ. ಗದ್ದೆ ಬದಿಗಾದರೂ ಸೋಲಾರ್ ಬೇಲಿ ಹಾಕಿಸಿ. ತಾತನ ರಿವಾಲ್ವರ್ ಹೇಗಿದೆಯೋ ಹಾಗೇ ಇರಲಿ.

ಪ್ರಶ್ನೆ: ಅಪ್ಪ ತಮ್ಮ ಹಳೆಯ ಆರು ಗುಂಡಿನ ರಿವಾಲ್ವರಿಗೆ ಐದೇ ತೋಟಾ ತುಂಬುತ್ತಿದ್ದರು. ಯಾಕೆ?
– ಓದುಗರು, ಸಕಲೇಶಪುರ

ಉತ್ತರ: ನಿಮ್ಮ ಅಪ್ಪ ತಿಳಿದವರು. ಹಳೆಯ ಕೋಲ್ಟ್ ಮಾದರಿಯಲ್ಲಿ ಹ್ಯಾಮರಿನ ಮೊಳೆ ನೇರವಾಗಿ ತೋಟಾದ ಕೇಪಿನ ಮೇಲೆ ಕೂತಿರುತ್ತದೆ. ಕೈಜಾರಿ ಬಿದ್ದರೆ ಹಾರಿಬಿಡುತ್ತದೆ. ಅದಕ್ಕೇ ಹ್ಯಾಮರಿನ ಕೆಳಗಿನ ಮನೆಯನ್ನು ಖಾಲಿ ಬಿಡುವುದು. 1973ರಲ್ಲಿ ರೂಗರ್ ಕಂಪನಿ ಟ್ರಾನ್ಸ್‌ಫರ್ ಬಾರ್ (ಟ್ರಿಗರ್ ಎಳೆದಾಗ ಮಾತ್ರ ಹ್ಯಾಮರಿನ ಪೆಟ್ಟನ್ನು ಮೊಳೆಗೆ ದಾಟಿಸುವ ಪಟ್ಟಿ) ಅಳವಡಿಸಿ ತನ್ನ ಸಿಂಗಲ್ ಆ್ಯಕ್ಷನ್‌ಗಳಲ್ಲಿ ಆ ತೊಂದರೆ ನಿವಾರಿಸಿತು. ನಿಮ್ಮ ಮನೆಯದು ಹಳೆಯದಾದರೆ ನೀವೂ ಐದೇ ತುಂಬಿ.

ಪ್ರಶ್ನೆ: ತಂದೆಗೆ 74 ವರ್ಷ. ಅವರ ಜೋಡಿ ನಳಿಗೆ ಕೋವಿಯನ್ನು ಅವರಿರುವಾಗಲೇ ನನ್ನ ಹೆಸರಿಗೆ ಮಾಡಿಸಬಹುದೇ?
– ಓದುಗರು, ಆಲೂರು

ಉತ್ತರ: ಆಗುತ್ತದೆ. 2016ರ ಆಯುಧ ನಿಯಮಗಳ ಪ್ರಕಾರ ಲೈಸೆನ್ಸುದಾರರಿಗೆ 70 ತುಂಬಿದ್ದರೆ, ಇಲ್ಲವೇ ಕೋವಿ ಅವರಲ್ಲಿ 25 ವರ್ಷ ಇದ್ದರೆ, ವಾರಸುದಾರರು ಅರ್ಜಿ ಹಾಕಬಹುದು. ನಿಮ್ಮ ಹೆಸರಲ್ಲಿ ಈಗಾಗಲೇ ಎರಡು ಬಂದೂಕು ಇದ್ದರೆ ಮೂರನೆಯದು ಸಿಗುವುದಿಲ್ಲ. ಜಿಲ್ಲಾಧಿಕಾರಿ ಕಚೇರಿಗೆ ಹೋಗುವಾಗ ತಂದೆಯವರ ಒಪ್ಪಿಗೆ ಪತ್ರ, ಮೂಲ ಲೈಸೆನ್ಸ್ ಎರಡೂ ಜೊತೆಗಿರಲಿ.