ಹೊಟ್ಟೆ ಉಬ್ಬರಕ್ಕೆ ಪ್ರೋಬಯಾಟಿಕ್ ಕ್ಯಾಪ್ಸೂಲ್ ಬೇಕಾ, ಮನೆಯ ಮೊಸರು-ಅಂಬಲಿ ಸಾಕಾ?

ಸಂಜೆಯಾದರೆ ಹೊಟ್ಟೆ ಉಬ್ಬುತ್ತದೆ, ಎರಡು ದಿನಕ್ಕೊಮ್ಮೆ ಮಲವಿಸರ್ಜನೆ, ದಿನವೂ ಇಡ್ಲಿ-ದೋಸೆ, ಅನ್ನ-ಸಾರು. ಎಲ್ಲರೂ ಗಟ್ ಹೆಲ್ತ್ ಎನ್ನುತ್ತಿದ್ದಾರೆ, ಪ್ರೋಬಯಾಟಿಕ್ (ಜೀವಂತ ಒಳ್ಳೆಯ ಸೂಕ್ಷ್ಮಜೀವಿಗಳಿರುವ) ಕ್ಯಾಪ್ಸೂಲ್ ಶುರು ಮಾಡಲೇ, ಕರುಳಿನ ಬ್ಯಾಕ್ಟೀರಿಯಾ ಲೆಕ್ಕ ಹಾಕುವ ಮೈಕ್ರೋಬಯೋಮ್ ಟೆಸ್ಟ್ ಮಾಡಿಸಲೇ ಅಥವಾ ಮೊಸರೇ ಸಾಕೇ ಎಂದು ಕೇಳಿದ್ದೀರಿ. ಕ್ಯಾಪ್ಸೂಲ್, ಟೆಸ್ಟ್ ಎರಡನ್ನೂ ಸದ್ಯಕ್ಕೆ ಬಿಡಿ. ಹಾಗಂತ ಮೊಸರೊಂದೇ ಸಾಕು ಅಂತಲೂ ಹೇಳಲಾರೆ. ನಿಮ್ಮ ದೊಡ್ಡ ಕರುಳಿನಲ್ಲಿ ಬ್ಯಾಕ್ಟೀರಿಯಾ ಈಗಲೇ ಬೇಕಾದಷ್ಟಿವೆ, ಅವಕ್ಕೆ ಸೇರಬೇಕಾದ ನಾರು ತಟ್ಟೆಯಲ್ಲಿ ಕಡಿಮೆ.

ಲೆಕ್ಕ ಹಾಕಿ ನೋಡೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಶಿಫಾರಸಿನ ಪ್ರಕಾರ ಕೂತು ಕೆಲಸ ಮಾಡುವ ಗಂಡಸಿಗೆ ದಿನಕ್ಕೆ ಸುಮಾರು 30 ಗ್ರಾಂ, ಹೆಂಗಸಿಗೆ 25 ಗ್ರಾಂ ನಾರು ಬೇಕು. ಪಾಲಿಶ್ ಮಾಡಿದ ಅಕ್ಕಿಯಲ್ಲಿ 100 ಗ್ರಾಂಗೆ 3 ಗ್ರಾಂ ಕೂಡ ಇಲ್ಲ. ಇಡ್ಲಿ, ಅನ್ನ ಎಲ್ಲ ಸೇರಿ ದಿನಕ್ಕೆ 250 ಗ್ರಾಂ ಅಕ್ಕಿ ಹೋದರೂ ಸಿಗುವುದು 7 ಗ್ರಾಂ. ಸಾರಿಗೆ ಹಾಕುವ 40 ಗ್ರಾಂ ತೊಗರಿಬೇಳೆಯಿಂದ ಮೂರೂವರೆ, ಸ್ವಲ್ಪ ಪಲ್ಯದಿಂದ ಮೂರು-ನಾಲ್ಕು. ಎಲ್ಲ ಕೂಡಿದರೂ 15ರ ಆಸುಪಾಸು. ಅದೇ 100 ಗ್ರಾಂ ರಾಗಿಹಿಟ್ಟಿನ ಮುದ್ದೆಯಲ್ಲಿ 11 ಗ್ರಾಂ ನಾರು ಇದೆ. 50 ಗ್ರಾಂ ಒಣ ಕಡಲೆಕಾಳಿನಲ್ಲಿ 12, ಅಷ್ಟೇ ಹೆಸರುಕಾಳಿನಲ್ಲಿ 8. ಜೋಳದ ರೊಟ್ಟಿ ತಿನ್ನುವ ಕಡೆಯವರಾದರೆ ಜೋಳದಲ್ಲೂ 100 ಗ್ರಾಂಗೆ 10 ಗ್ರಾಂ ಇದೆ. ಬೆಳಿಗ್ಗೆ ಎರಡು ಚಮಚ ಹಾಕಿ ಕುಡಿಯುವ ರಾಗಿ ಮಾಲ್ಟನ್ನು ಮಾತ್ರ ದೊಡ್ಡ ಲೆಕ್ಕಕ್ಕೆ ಹಿಡಿಯಬೇಡಿ, ಅದರಲ್ಲಿ ಬರುವುದು ಎರಡು ಗ್ರಾಂ.

ಈ ನಾರು ನಮಗೆ ಜೀರ್ಣವಾಗುವುದಿಲ್ಲ, ಸಣ್ಣ ಕರುಳು ದಾಟಿ ದೊಡ್ಡ ಕರುಳಿಗೆ ಹೋಗುತ್ತದೆ. ಅಲ್ಲಿನ ಬ್ಯಾಕ್ಟೀರಿಯಾ ಅದರಲ್ಲಿ ಒಂದು ಭಾಗವನ್ನು ಹುದುಗಿಸಿ ಬ್ಯುಟಿರೇಟ್‌ನಂಥ ಸಣ್ಣ ಕೊಬ್ಬಿನಾಮ್ಲಗಳನ್ನು ಮಾಡುತ್ತವೆ. ದೊಡ್ಡ ಕರುಳಿನ ಒಳಪದರದ ಕೋಶಗಳಿಗೆ ಮುಖ್ಯ ಇಂಧನವೇ ಬ್ಯುಟಿರೇಟ್. ಹುದುಗುವಾಗ ಗ್ಯಾಸೂ ಆಗುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. ಸೋಮವಾರದಿಂದ ಡಯಟ್ ಅಂತ ಒಂದೇ ದಿನ ಮುದ್ದೆ, ಮೊಳಕೆಕಾಳು, ಬಟ್ಟಲು ತುಂಬ ಹಸಿ ಸಲಾಡ್, ಚಿಯಾ ಎಲ್ಲವನ್ನೂ ಶುರು ಮಾಡುತ್ತಾರೆ. ಗುರುವಾರದ ಹೊತ್ತಿಗೆ ಹೊಟ್ಟೆ ತಮಟೆಯಂತಾಗಿ, ನಾರು ನಮಗೆ ಒಗ್ಗಲ್ಲ ಅಂತ ಕೈಬಿಡುತ್ತಾರೆ.

ವಾರಕ್ಕೆ ಸುಮಾರು 5 ಗ್ರಾಂನಂತೆ ಏರಿಸಿ. ಮೊದಲ ವಾರ ಮಧ್ಯಾಹ್ನದ ಅನ್ನ ಅರ್ಧ ಮಾಡಿ, ಆ ಜಾಗಕ್ಕೆ 50 ಗ್ರಾಂ ಹಿಟ್ಟಿನ ಸಣ್ಣ ಮುದ್ದೆ ಅಥವಾ ಒಂದು ಜೋಳದ ರೊಟ್ಟಿ. ಬೇರೇನೂ ಬದಲಿಸಬೇಡಿ. ಎರಡನೇ ವಾರ ದಿನಕ್ಕೊಂದು ಹಣ್ಣು. ಸೀಬೆಹಣ್ಣು ಸಿಕ್ಕರೆ ಒಳ್ಳೆಯದು, ಅದರಷ್ಟು ನಾರು ಬಾಳೆಹಣ್ಣಿನಲ್ಲಿಲ್ಲ. ಮೂರನೇ ವಾರ ಕಾಳು: ಒಣ ತೂಕದಲ್ಲಿ 25 ಗ್ರಾಂ, ಅಂದರೆ ನೆನೆಸುವ ಮುಂಚೆ ಎರಡು ದೊಡ್ಡ ಚಮಚ. ನಾಲ್ಕನೇ ವಾರ ಅದನ್ನು 50 ಗ್ರಾಂ ಮಾಡಿ. ಯಾವ ವಾರ ಗ್ಯಾಸ್ ಜಾಸ್ತಿಯಾಯಿತೋ ಆ ಮಟ್ಟದಲ್ಲೇ ಇನ್ನೊಂದು ವಾರ ನಿಂತು ಮುಂದೆ ಹೋಗಿ. ನೀರು ಕಡಿಮೆ ಕುಡಿದು ನಾರು ಮಾತ್ರ ಹೆಚ್ಚಿಸಿದರೆ ಮಲ ಇನ್ನೂ ಗಟ್ಟಿಯಾಗಬಹುದು.

ಕಾಳಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಕಾಳಿನಲ್ಲಿ ರಾಫಿನೋಸ್, ಸ್ಟಾಕಿಯೋಸ್ ಎಂಬ ಸಕ್ಕರೆಗಳಿವೆ. ಇವನ್ನು ಒಡೆಯುವ ಕಿಣ್ವ ನಮ್ಮ ಕರುಳಿನಲ್ಲಿ ಇಲ್ಲ, ಹಾಗಾಗಿ ಇಡಿಯಾಗಿ ಬ್ಯಾಕ್ಟೀರಿಯಾ ಪಾಲಾಗಿ ಗ್ಯಾಸ್ ಆಗುತ್ತದೆ. ಇವು ನೀರಿನಲ್ಲಿ ಕರಗುತ್ತವೆ. ಕಡಲೆ, ಅಲಸಂದೆ, ಹುರುಳಿಯನ್ನು 8ರಿಂದ 12 ಗಂಟೆ ನೆನೆಸಿ, ಮಧ್ಯೆ ಒಮ್ಮೆ ನೀರು ಬದಲಿಸಿ, ಕೊನೆಗೆ ನೆನೆಸಿದ ನೀರು ಚೆಲ್ಲಿ ಹೊಸ ನೀರಿನಲ್ಲಿ ಬೇಯಿಸಿ. ಸತ್ವ ಹೋಗುತ್ತದೆ ಅಂತ ಆ ನೀರಲ್ಲೇ ಬೇಯಿಸುವ ರೂಢಿ ಕೆಲವು ಮನೆಗಳಲ್ಲಿದೆ. ನಿಮ್ಮ ಹೊಟ್ಟೆ ಒಗ್ಗುವ ತನಕ ಅದು ಬೇಡ. ಮೊಳಕೆ ಬರಿಸಿದರೆ ಈ ಸಕ್ಕರೆಗಳು ಇನ್ನೂ ಇಳಿಯುತ್ತವೆ, ಆದರೆ ಮೊಳಕೆಕಾಳನ್ನು ಹಸಿಯಾಗಿ ತಿನ್ನದೆ ಹಬೆಯಲ್ಲಿ ಬೇಯಿಸಿ ತಿನ್ನಿ. ಮೊಳಕೆ ಬರುವ ಆ ಬೆಚ್ಚಗಿನ ತೇವದಲ್ಲಿ ಸಾಲ್ಮೊನೆಲ್ಲಾದಂಥ ರೋಗಾಣುಗಳೂ ಚೆನ್ನಾಗಿ ಬೆಳೆಯುತ್ತವೆ.

ಬಸ್ಸಾರಿನಲ್ಲಿ ಇದರದೇ ಒಂದು ತಮಾಷೆ ಇದೆ. ಕಾಳು-ಸೊಪ್ಪು ಬೇಯಿಸಿ ಬಸಿದ ಕಟ್ಟಿನಲ್ಲೇ ಸಾರು ಮಾಡುತ್ತೇವೆ, ಹಾಗಾಗಿ ನೀರಿಗಿಳಿದ ಸಕ್ಕರೆಯೆಲ್ಲ ಸಾರಿನ ಮೂಲಕ ವಾಪಸ್ ಹೊಟ್ಟೆಗೇ. ಉಬ್ಬರ ಇರುವವರು ಶುರುವಿನಲ್ಲಿ ಪಲ್ಯ ಚೆನ್ನಾಗಿ ತಿಂದು ಸಾರು ಕಡಿಮೆ ಹಾಕಿಕೊಳ್ಳಬಹುದು. ಬಸ್ಸಾರು ಬಿಡಿ ಎನ್ನುವ ಧೈರ್ಯ ನನಗಿಲ್ಲ. ಮುದ್ದೆ, ಕಾಳು, ಸೊಪ್ಪು ಒಂದೇ ಊಟದಲ್ಲಿ ಸಿಗುವ ಇಂಥ ಅಡುಗೆ ಇನ್ನೊಂದನ್ನು ಹುಡುಕುವುದು ಕಷ್ಟ.

ಮಲಬದ್ಧತೆಗೆ ಮಾತ್ರ ಬೇಗ ಆರಾಮ ಬೇಕಿದ್ದರೆ ಇಸಬ್ಗೋಲ್ ಹೊಟ್ಟು. ಒಂದು ಟೀ ಚಮಚದಿಂದ ಶುರು ಮಾಡಿ, ವಾರದ ಮೇಲೆ ಎರಡು. 200 ಮಿ.ಲೀ. ನೀರಿಗೆ ಹಾಕಿ ಕಲಕಿದ ಕೂಡಲೇ ಕುಡಿಯಬೇಕು, ಮೇಲೆ ಇನ್ನೊಂದು ಲೋಟ ನೀರು. ತಡ ಮಾಡಿದರೆ ಲೋಳೆ ಕಟ್ಟಿ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ನುಂಗಲು ತೊಂದರೆ ಇರುವವರಿಗೆ ಇದು ಬೇಡವೇ ಬೇಡ. ಥೈರಾಯ್ಡ್, ಶುಗರ್ ಮಾತ್ರೆಗಳಿಗೂ ಇದಕ್ಕೂ ಎರಡು ಗಂಟೆ ಅಂತರ ಇರಲಿ. ಇಸಬ್ಗೋಲ್ ನೀರು ಹಿಡಿದು ಮಲವನ್ನು ಮೆತ್ತಗೆ ಮಾಡುತ್ತದೆ, ಬ್ಯಾಕ್ಟೀರಿಯಾ ಅದನ್ನು ಹೆಚ್ಚು ಹುದುಗಿಸುವುದಿಲ್ಲ. ಅದಕ್ಕೇ ಗ್ಯಾಸ್ ಕಡಿಮೆ, ಅದಕ್ಕೇ ಅದು ಕಾಳು-ಮುದ್ದೆಗೆ ಬದಲಿಯೂ ಅಲ್ಲ.

ಇನ್ನು ಹುದುಗಿಸಿದ ಆಹಾರ. ಇಡ್ಲಿ ಪ್ರೋಬಯಾಟಿಕ್ ಅಂತ ಬರೆಯುವವರು ಬಹಳ. ಹಿಟ್ಟು ಉಕ್ಕಿಸುವ ಲ್ಯೂಕೋನೋಸ್ಟಾಕ್‌ನಂಥ ಬ್ಯಾಕ್ಟೀರಿಯಾ ಹತ್ತು ನಿಮಿಷದ ಹಬೆಯಲ್ಲಿ ಸತ್ತುಹೋಗುತ್ತವೆ. ಇಡ್ಲಿ ಹಗುರ, ಸುಲಭವಾಗಿ ಜೀರ್ಣವಾಗುತ್ತದೆ, ಅಷ್ಟು ಸಾಕು. ಮಜ್ಜಿಗೆ ಹುಳಿಯೂ ಕುದಿಸಿದ್ದೇ. ಸಾಮಾನ್ಯ ಉಪ್ಪಿನಕಾಯಿಯಲ್ಲಿ ಉಪ್ಪು, ಎಣ್ಣೆಯದೇ ದರ್ಬಾರು. ತಿಂಗಳುಗಟ್ಟಲೆ ಫ್ರಿಜ್ ಇಲ್ಲದೆ ಇರುವ ಡಬ್ಬಿ ಮಜ್ಜಿಗೆಯನ್ನು ಕಾಯಿಸಿಯೇ ತುಂಬಿರುತ್ತಾರೆ. ಜೀವಂತವಾಗಿ ಹೊಟ್ಟೆಗೆ ಹೋಗುವುದು ಮೊಸರು, ಮಜ್ಜಿಗೆ, ಮಲೆನಾಡು-ಕರಾವಳಿಯ ತಂಬುಳಿ. ಒಂದೆಲಗವನ್ನೋ ದೊಡ್ಡಪತ್ರೆಯನ್ನೋ ಹುರಿದು, ಕಾಯಿ-ಜೀರಿಗೆ ಜತೆ ರುಬ್ಬಿ, ಮಜ್ಜಿಗೆ ಬೆರೆಸಿದ ಮೇಲೆ ಕುದಿಸದೆ ಉಣ್ಣುವುದರಿಂದ ತಂಬುಳಿಯಲ್ಲಿ ಅವು ಉಳಿಯುತ್ತವೆ. ಮೊಸರನ್ನ ಕಲಸುವಾಗಲೂ ಹಾಗೆ: ಹೊಗೆಯಾಡುವ ಅನ್ನಕ್ಕೆ ಮೊಸರು ಸುರಿಯಬೇಡಿ, ಬೆರಳಿಗೆ ಉಗುರುಬೆಚ್ಚಗೆ ಅನ್ನಿಸಿದ ಮೇಲೆ ಹಾಕಿ.

ಹೆಪ್ಪು ಹಾಕುವಾಗ ಹಾಲು 40-42 ಡಿಗ್ರಿ ಇದ್ದರೆ ಸರಿ. ಅರ್ಧ ಲೀಟರಿಗೆ ಒಂದು ಟೀ ಚಮಚ ಹೆಪ್ಪು. ಹಾಲು ತೀರಾ ಬಿಸಿ ಇದ್ದರೆ ಹೆಪ್ಪು ಸಾಯುತ್ತದೆ, ಆರಿ ತಣ್ಣಗಾಗಿದ್ದರೆ ಮೊಸರು ನೂಲುನೂಲಾಗಿ ಲೋಳೆ ಬರುತ್ತದೆ. ಲೋಳೆ ಮೊಸರಿನಿಂದ ಅಪಾಯವಿಲ್ಲ, ಆದರೆ ಮುಂದಿನ ಸಲ ಬೇರೆ ಹೆಪ್ಪು ತನ್ನಿ.

ಅಂಬಲಿಗೆ 30 ಗ್ರಾಂ ರಾಗಿಹಿಟ್ಟನ್ನು ಒಂದು ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಕುದಿಯುವ ಎರಡು ಲೋಟ ನೀರಿಗೆ ಸುರಿದು, ಹಸಿ ವಾಸನೆ ಹೋಗುವ ತನಕ ಆರೇಳು ನಿಮಿಷ ತಿರುವುತ್ತಾ ಬೇಯಿಸಿ. ಉಗುರುಬೆಚ್ಚಗಾದಾಗ ಎರಡು ಚಮಚ ಹುಳಿ ಮಜ್ಜಿಗೆ ಸೇರಿಸಿ ಮುಚ್ಚಿಡಿ. ಆ ಎರಡು ಚಮಚ ತಪ್ಪಿಸಬೇಡಿ: ಬೇಯಿಸಿದ ಗಂಜಿ ಹುಳಿಯಿಲ್ಲದೆ ರಾತ್ರಿಯಿಡೀ ಹೊರಗಿದ್ದರೆ ವಾಂತಿ-ಬೇಧಿ ತರುವ ಬ್ಯಾಸಿಲಸ್ ಸೀರಿಯಸ್‌ಗೆ ದಾರಿ. ಮಜ್ಜಿಗೆಯ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಬೇಗ ಹುಳಿ ಬರಿಸಿ ಅದನ್ನು ಹತ್ತಿಕ್ಕುತ್ತವೆ. ಬೆಳಿಗ್ಗೆ ಹುಳಿ ವಾಸನೆ ಇರಬೇಕು. ಕೊಳೆತ ವಾಸನೆಯೋ ಮೇಲೆ ಬಣ್ಣದ ಪೊರೆಯೋ ಕಂಡರೆ ಚೆಲ್ಲಿ.

ಸ್ಟ್ಯಾನ್‌ಫರ್ಡ್‌ನವರು 2021ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ 36 ಜನ ಆರೋಗ್ಯವಂತರಲ್ಲಿ ಒಂದು ಗುಂಪಿಗೆ 10 ವಾರ ಹುದುಗಿಸಿದ ಆಹಾರ, ಇನ್ನೊಂದಕ್ಕೆ ನಾರು ಹೆಚ್ಚಿರುವ ಆಹಾರ ಕೊಟ್ಟಿದ್ದರು. ಬ್ಯಾಕ್ಟೀರಿಯಾಗಳ ವೈವಿಧ್ಯ ಹೆಚ್ಚಿದ್ದು, ಉರಿಯೂತದ ಗುರುತುಗಳು ಇಳಿದದ್ದು ಹುದುಗಿಸಿದ ಆಹಾರದ ಗುಂಪಿನಲ್ಲಿ. ಬರೀ ನಾರಿನ ಗುಂಪಿನಲ್ಲಿ ವೈವಿಧ್ಯ ಅಷ್ಟು ಬೇಗ ಹೆಚ್ಚಲಿಲ್ಲ. ಸಣ್ಣ ಅಧ್ಯಯನ, ಅದರಿಂದ ದೊಡ್ಡ ಮಾತು ಹೇಳಲಾಗದು. ಆದರೂ ಮುದ್ದೆಯ ಜತೆ ಮಜ್ಜಿಗೆಯನ್ನೂ ಇಟ್ಟುಕೊಳ್ಳಿ ಎನ್ನಲು ಅಷ್ಟು ಸಾಕು.

ಕ್ಯಾಪ್ಸೂಲ್ ಯಾಕೆ ಬೇಡ ಎಂದೆ? ಅಮೆರಿಕದ ಜಠರ-ಕರುಳು ತಜ್ಞರ ಸಂಘ 2020ರಲ್ಲಿ ಇದ್ದ ಅಧ್ಯಯನಗಳನ್ನೆಲ್ಲ ತೂಗಿ, ಐಬಿಎಸ್ (ಕರುಳಿನಲ್ಲಿ ಬೇರೆ ರೋಗ ಕಾಣದಿದ್ದರೂ ಮತ್ತೆ ಮತ್ತೆ ಹೊಟ್ಟೆನೋವು, ಮಲದಲ್ಲಿ ಏರುಪೇರು ಆಗುವ ತೊಂದರೆ) ಸೇರಿದಂತೆ ಹೆಚ್ಚಿನ ಹೊಟ್ಟೆ ತೊಂದರೆಗಳಿಗೆ ಪ್ರೋಬಯಾಟಿಕ್ ಶಿಫಾರಸು ಮಾಡುವಷ್ಟು ಪುರಾವೆ ಇಲ್ಲ ಎಂದಿತು. ಕೆಲಸ ಮಾಡುವ ಕಡೆಯೂ ಅದು ಇಂತಿಂಥ ತಳಿಗೆ ಮಾತ್ರ ಸೇರಿದ ಗುಣ. ಲೇಬಲ್ ಮೇಲೆ ಬರೀ ಲ್ಯಾಕ್ಟೋಬ್ಯಾಸಿಲಸ್ ಅಂತಿದ್ದು ಮುಂದೆ ತಳಿಯ ಗುರುತು ಇಲ್ಲದಿದ್ದರೆ, ಎಷ್ಟು ನೂರು ಕೋಟಿ ಎಂದು ಬರೆದಿದ್ದರೂ ಪ್ರಯೋಜನವಿಲ್ಲ. ಆಂಟಿಬಯಾಟಿಕ್ ಜತೆ ಡಾಕ್ಟರ್ ಸ್ಯಾಕರೋಮೈಸಿಸ್ ಬೌಲಾರ್ಡಿ ಬರೆದುಕೊಟ್ಟರೆ ಅದು ಬೇರೆ ಮಾತು. ಅದು ಯೀಸ್ಟ್ ಆದ್ದರಿಂದ ಆಂಟಿಬಯಾಟಿಕ್‌ಗೆ ಸಾಯುವುದಿಲ್ಲ. ಇಸ್ರೇಲಿನ ವೈಝ್‌ಮನ್ ಸಂಸ್ಥೆಯವರು 2018ರಲ್ಲಿ ಕಂಡದ್ದು ಇನ್ನೂ ಕುತೂಹಲದ್ದು: ಆಂಟಿಬಯಾಟಿಕ್ ಮುಗಿದ ಮೇಲೆ ಹಲವು ತಳಿ ಬೆರೆಸಿದ ಪ್ರೋಬಯಾಟಿಕ್ ನುಂಗಿದವರಲ್ಲಿ, ಸ್ವಂತ ಬ್ಯಾಕ್ಟೀರಿಯಾ ಮರಳಿ ಬರುವುದು ಏನೂ ತಗೊಳ್ಳದವರಿಗಿಂತ ತಡವಾಯಿತು.

ನಮ್ಮಲ್ಲಿ ಕರುಳಿಗೆ ದೊಡ್ಡ ಪೆಟ್ಟು ಬೀಳುವುದೇ ಆಂಟಿಬಯಾಟಿಕ್‌ನಿಂದ ಎಂಬುದು ನನ್ನ ಅಭಿಪ್ರಾಯ. ಎರಡು ಸಲ ಬೇಧಿಯಾದರೆ ಮೆಡಿಕಲ್ ಶಾಪಿಗೆ ಹೋಗಿ ಓಫ್ಲಾಕ್ಸಾಸಿನ್-ಆರ್ನಿಡಜೋಲ್ ತಂದು ನುಂಗುವ ಅಭ್ಯಾಸ ಬಿಡಿ. ಸಾಮಾನ್ಯ ಬೇಧಿಗೆ ಓಆರ್‌ಎಸ್ ಸಾಕು. ಜ್ವರವೋ ರಕ್ತವೋ ಇದ್ದರೆ ಡಾಕ್ಟರ್. ವರ್ಷಗಟ್ಟಲೆ ಖಾಲಿ ಹೊಟ್ಟೆಗೆ ಆಸಿಡ್ ತಗ್ಗಿಸುವ ಪ್ಯಾಂಟೊಪ್ರಜೋಲ್ ನುಂಗುತ್ತಿದ್ದರೆ ಅದರ ಅಗತ್ಯ ಈಗಲೂ ಇದೆಯೇ ಎಂದೂ ಅವರನ್ನೇ ಕೇಳಿ.

ಮೈಕ್ರೋಬಯೋಮ್ ಟೆಸ್ಟ್ ಹೆಚ್ಚು ಮಾತಿಗೆ ತಕ್ಕದ್ದಲ್ಲ. ಆರೋಗ್ಯವಂತರ ಬ್ಯಾಕ್ಟೀರಿಯಾ ಇಷ್ಟೇ ಇರಬೇಕು ಎಂಬ ಒಪ್ಪಿತ ಅಳತೆಯೇ ಇಲ್ಲದಿರುವಾಗ ಸ್ಕೋರ್ ಇಟ್ಟುಕೊಂಡು ಏನು ಮಾಡುವುದು?

ಐದಾರು ವಾರದ ಮೇಲೂ ಉಬ್ಬರ ಇಳಿಯದಿದ್ದರೆ ಹಾಲಿನ ಮೇಲೆ ಅನುಮಾನಪಡಿ. ಎರಡು ವಾರ ಹಾಲು, ಹಾಲಿನ ಕಾಫಿ-ಟೀ ನಿಲ್ಲಿಸಿ, ಮೊಸರು ಇರಲಿ. ಆಮೇಲೆ ಒಂದು ದಿನ ಬೆಳಿಗ್ಗೆ ಬರೀ ಹೊಟ್ಟೆಗೆ 250 ಮಿ.ಲೀ. ಹಾಲು ಕುಡಿಯಿರಿ. ಕೆಲವು ಗಂಟೆಗಳಲ್ಲಿ ಗುಡುಗುಡು, ಉಬ್ಬರ, ಬೇಧಿ ಬಂದರೆ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಒಗ್ಗುತ್ತಿಲ್ಲ ಎನ್ನಬಹುದು. ಶುಗರ್-ಫ್ರೀ ಚ್ಯೂಯಿಂಗ್ ಗಮ್‌ನಲ್ಲಿ ಸಿಹಿಗೆ ಹಾಕುವ ಸಾರ್ಬಿಟಾಲ್, ಪ್ರೋಟೀನ್ ಬಾರ್‌ಗಳಲ್ಲಿರುವ ಇನುಲಿನ್ ಎಂಬ ನಾರನ್ನೂ ನೋಡಿ. ಗಟ್ ಹೆಲ್ತ್ ಹೆಸರಲ್ಲೇ ಮಾರುವ ಎಷ್ಟೋ ಪುಡಿಗಳಲ್ಲಿ ಇದೇ ಇನುಲಿನ್ ಇರುವುದು, ಸೂಕ್ಷ್ಮ ಹೊಟ್ಟೆಯವರಿಗೆ ಗ್ಯಾಸ್ ತರುವುದೂ ಅದೇ. ಕರುಳಲ್ಲಿ ಬೇಗ ಹುದುಗಿ ಗ್ಯಾಸ್ ತರುವ ಸಕ್ಕರೆಗಳನ್ನು ತಗ್ಗಿಸಲು ಈರುಳ್ಳಿ, ಬೆಳ್ಳುಳ್ಳಿ, ಗೋಧಿ ಬಿಡಿಸುವ ಲೋ-ಫಾಡ್‌ಮ್ಯಾಪ್ ಪಥ್ಯವನ್ನು ಡಯಟೀಷಿಯನ್ ಜತೆ ಕೂತೇ ಮಾಡಿ. ಅದು ಎರಡರಿಂದ ಆರು ವಾರದ ಪರೀಕ್ಷೆ. ಆಮೇಲೆ ಒಂದೊಂದಾಗಿ ವಾಪಸ್ ತಂದು ಯಾವುದು ಒಗ್ಗದು ಎಂದು ಗುರುತಿಸಬೇಕು.

ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಬೇಧಿ, ಸಂಜೆ ಜ್ವರ, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಆಗಿರುವುದು, 45 ದಾಟಿದ ಮೇಲೆ ಹೊಸದಾಗಿ ಶುರುವಾದ ಬದಲಾವಣೆ: ಇವುಗಳಲ್ಲಿ ಒಂದಿದ್ದರೂ ಮೇಲಿನ ಯಾವುದನ್ನೂ ಮಾಡುತ್ತಾ ಕೂರದೆ ಗ್ಯಾಸ್ಟ್ರೋಎಂಟರಾಲಜಿಸ್ಟ್ ಹತ್ತಿರ ಹೋಗಿ. ಕರುಳಿನ ಕ್ಷಯ ನಮ್ಮ ದೇಶದಲ್ಲಿ ಇನ್ನೂ ಇದೆ, ಮೊದಮೊದಲು ಬರೀ ಹೊಟ್ಟೆನೋವಿನಂತೆಯೇ ಕಾಣಬಹುದು. ಮಲಬದ್ಧತೆಗೆ ಥೈರಾಯ್ಡ್ ಟೆಸ್ಟ್ ಒಮ್ಮೆ ಆಗಿರಲಿ. ಗೋಧಿಯಲ್ಲಿರುವ ಗ್ಲುಟನ್ ಎಂಬ ಪ್ರೋಟೀನ್ ಒಗ್ಗುತ್ತಿಲ್ಲ ಎಂಬ ಸಂಶಯವಿದ್ದರೆ ಟಿಟಿಜಿ-ಐಜಿಎ ರಕ್ತಪರೀಕ್ಷೆಯನ್ನು ಚಪಾತಿ ತಿನ್ನುತ್ತಿರುವಾಗಲೇ ಮಾಡಿಸಿ. ಗೋಧಿ ಬಿಟ್ಟು ತಿಂಗಳುಗಳಾದ ಮೇಲೆ ಮಾಡಿಸಿದರೆ ಸೀಲಿಯಾಕ್ (ಗ್ಲುಟನ್‌ನಿಂದ ಕರುಳು ಹಾಳಾಗುವ ಕಾಯಿಲೆ) ಇದ್ದರೂ ರಿಪೋರ್ಟ್ ನಾರ್ಮಲ್ ಬರಬಹುದು.