ಹುಷಾರು ಹೇಳಿ ಹೇಳಿ ಹುಷಾರು ತಪ್ಪಿತು

ಮನಸ್ಸಿನ ಆಘಾತ ಅಳೆಯುವ ಪ್ರಶ್ನಾಪಟ್ಟಿ ಹಿಡಿದು ಕೂತಿದ್ದೆ. ನನ್ನ ಬಳಿ ಬಂದವರೊಬ್ಬರು 17ನೇ ಪ್ರಶ್ನೆಗೆ ಸೊನ್ನೆ ಹಾಕಿಸಿದರು. ನಾನೂ ಸುಮ್ನೆ ಬರೆದುಕೊಂಡೆ. ಎರಡು ಭೇಟಿ ದಂಡವಾದದ್ದು ಹಾಗೆ.

ಸಕಲೇಶಪುರದ ಕಡೆಯ ಕಾಫಿ ತೋಟವೊಂದರಲ್ಲಿ ಅವರು ರೈಟರ್, ಅಂದರೆ ಆಳುಗಳ ಕೆಲಸ, ಲೆಕ್ಕ ನೋಡಿಕೊಳ್ಳುವವರು. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಒಂದು ಬೆಳಗಿನ ಜಾವ ತೋಟದ ದಾರಿಯಲ್ಲಿ ಒಂಟಿ ಸಲಗ ಅಟ್ಟಿಸಿಕೊಂಡು ಬಂತು. ಇವರು ಉಳಿದರು. ಹಿಂದೆ ಬರುತ್ತಿದ್ದ ಆಳು ಉಳಿಯಲಿಲ್ಲ. ಅದಾಗಿ ಎಂಟು ತಿಂಗಳ ಮೇಲೆ ನನ್ನ ಬಳಿ ಬಂದರು. ಅದೂ 'ಗ್ಯಾಸ್ಟ್ರಿಕ್, ನಿದ್ದೆ ಇಲ್ಲ' ಅಂತ.

ಆಘಾತದ ಲಕ್ಷಣ ಅಳೆಯಲು ನಾವು ಬಳಸುವ ಪಿಸಿಎಲ್-5 ಪಟ್ಟಿಯಲ್ಲಿ 20 ಪ್ರಶ್ನೆಗಳಿವೆ. ಒಂದೊಂದಕ್ಕೂ 0ಯಿಂದ 4ರವರೆಗೆ ಅಂಕ. 17ನೆಯದು ಸದಾ ಕಾವಲು ಕಾಯುವ ಸ್ಥಿತಿಯ ಬಗ್ಗೆ. ನಾನು ಓದಿದ್ದು ಹೀಗೆ: "ಅತಿ ಎಚ್ಚರದಿಂದ ಇರುವುದು ನಿಮಗೆ ಎಷ್ಟು ತೊಂದರೆ ಕೊಟ್ಟಿದೆ?"

ಅವರಿಗೆ ನಗು ಬಂತು. "ಎಚ್ಚರ ಇರೋದು ತೊಂದರೆನಾ ಮೇಡಂ? ಎಚ್ಚರ ಇಲ್ದೇ ಇದ್ದಿದ್ದಕ್ಕೇ ಅಲ್ವಾ ಇಷ್ಟೆಲ್ಲಾ ಆಗಿದ್ದು?"

ಅಲ್ಲೇ ನಾನು ನಿಲ್ಲಬೇಕಿತ್ತು. ನಿಲ್ಲದೆ 18ಕ್ಕೆ ಹೋದೆ.

ಕನ್ನಡದಲ್ಲಿ ಎಚ್ಚರ ಮೆಚ್ಚುಗೆಯ ಮಾತು. ಹುಷಾರಂತೂ ಇನ್ನೂ ದೊಡ್ಡದು. ಜಾಣ ಹುಡುಗ ಹುಷಾರು, ಜ್ವರ ಬಿಟ್ಟವನು ಹುಷಾರು, ಮೆಟ್ಟಿಲು ಇಳಿಯುವ ಅಜ್ಜಿಗೂ ಹುಷಾರು. ಇದು ಜಾಸ್ತಿಯಾಯಿತು ಅಂತ ದೂರು ಹೇಳಿಕೊಂಡು ಯಾರು ಬರುತ್ತಾರೆ? 'ಅತಿಜಾಗರೂಕತೆ' ಎಂದು ಪುಸ್ತಕದ ಕನ್ನಡದಲ್ಲಿ ಕೇಳಿದರೆ ಪ್ರಶಸ್ತಿ ಕೊಟ್ಟ ಹಾಗೆ ಕೇಳುತ್ತದೆ.

ಮೂರನೇ ಸಲ ಅವರ ಹೆಂಡತಿಯೂ ಬಂದರು. ಬೆಂಗಳೂರಿನಲ್ಲಿ ಮಗಳ ಮನೆಗೆ ಹೋದ ಕಥೆ ಹೇಳಿದರು. ಮೂರನೇ ಮಹಡಿಯ ಮನೆ. ಅಲ್ಲೂ ಇವರು ರಾತ್ರಿ ಎರಡಕ್ಕೆ ಎದ್ದು ಬಾಲ್ಕನಿಯಲ್ಲಿ ಕಿವಿಗೊಟ್ಟು ನಿಂತಿದ್ದರಂತೆ. ಆಮೇಲೆ ಆಕೆ ಅಂದರು: "ಹೊರಟರೆ ನಾನು ಹುಷಾರು ಅಂತೀನಿ. ಮಗ ಫೋನಲ್ಲಿ ಹುಷಾರು ಅಂತಾನೆ. ಸಾವ್ಕಾರ್ರೂ ಹುಷಾರು ಅಂತಾರೆ. ಎಲ್ಲಾರೂ ಹೇಳಿ ಹೇಳಿ ಇವರಿಗೆ ಹುಷಾರು ತಪ್ಪಿಸಿಬಿಟ್ವಿ ಮೇಡಂ."

ನಾನು ಪಟ್ಟಿ ಮಡಚಿಟ್ಟೆ. ಬಿಳಿ ಹಾಳೆ ತೆಗೆದು ಎಚ್ಚರ, ಅಳುಕು, ದಿಗಿಲು, ಗಾಬರಿ ಎಂದು ಬರೆದೆ. "ತೋಟಕ್ಕೆ ಇಳಿಯುವಾಗ ಯಾವುದು? ಬಾಲ್ಕನಿಯಲ್ಲಿ ಯಾವುದು?" ಎಂದು ಕೇಳಿದೆ.

ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ತಮ್ಮ ಕೆಲಸದ ಮಾತಿನಲ್ಲೇ ಶುರು ಮಾಡಿದರು. ಬೆಳಿಗ್ಗೆ ಹೋಗುವಾಗ ಲದ್ದಿ ಹಸಿಯೋ ಒಣಗಿದ್ದೋ ನೋಡುತ್ತೇವೆ. ಆನೆ ತಿನ್ನುವ ಬೈನೆ ಮರ ಮುರಿದಿದ್ದರೆ ನಿಲ್ಲುತ್ತೇವೆ. ಹೆಜ್ಜೆ ಯಾವ ಕಡೆಗೆ ಹೋಗಿದೆ ಅಂತ ನೋಡಿ ಆಳುಗಳನ್ನು ಬೇರೆ ಕಡೆ ಕಳಿಸುತ್ತೇವೆ. "ಅದು ಎಚ್ಚರ. ಅಲ್ಲಿ ಕಣ್ಣು ಕೆಲಸ ಮಾಡುತ್ತೆ. ರಾತ್ರಿ ಕಣ್ಣಿಗೆ ಏನೂ ಕಾಣಲ್ಲ, ಎದೆ ಮಾತ್ರ ಹೊಡ್ಕೊಳ್ತಾ ಇರುತ್ತೆ." ಬೆರಳು 'ದಿಗಿಲು' ಪದದ ಮೇಲೆ ನಿಂತಿತು. "ಇದಕ್ಕೆ ಎಷ್ಟು ಅಂಕ?" ಎಂದೆ. "ನಾಲ್ಕು."

ಏನೂ ಆಗಲ್ಲ ಬಿಡಿ, ಆರಾಮಾಗಿರಿ ಎಂದು ನಾನು ಹೇಳಲಿಲ್ಲ. ಹಾಗೆ ಹೇಳಬೇಕಿತ್ತು ಎಂದ ಸಹೋದ್ಯೋಗಿಗಳಿದ್ದಾರೆ. ಅವರೊಮ್ಮೆ ಸಂಜೆ ಆರರ ಮೇಲೆ ಆ ತೋಟದ ದಾರಿಯಲ್ಲಿ ನಡೆದು ನೋಡಲಿ. ಆನೆ ಅಲ್ಲಿ ನಿಜವಾಗಿಯೂ ಇದೆ. ಇಲ್ಲ ಎಂದವರ ಮಾತನ್ನು ರೈಟರ್ ಯಾಕೆ ನಂಬಬೇಕು?

ಹಾಗಾಗಿ ಎಚ್ಚರದ ಕೆಲಸಗಳನ್ನು ಮುಟ್ಟಲಿಲ್ಲ. ಮನೆ ಹತ್ತಿರದ ಹಲಸನ್ನು ಹಣ್ಣಾಗುವ ಮೊದಲೇ ಕೊಯ್ಯುವುದು, ನಸುಕಿನಲ್ಲಿ ಒಬ್ಬರೇ ಹೋಗದಿರುವುದು ಇರಲಿ ಎಂದೆ. ಅರಣ್ಯ ಇಲಾಖೆಯಿಂದ ಬರುವ ಆನೆ ಸಂದೇಶವನ್ನು ಸಂಜೆಗೊಮ್ಮೆ, ತೋಟಕ್ಕೆ ಇಳಿಯುವ ಮೊದಲೊಮ್ಮೆ ನೋಡಿದರೆ ಸಾಕು. ರಾತ್ರಿ ಫೋನ್ ಬೇರೆ ಕೋಣೆಯಲ್ಲಿರಲಿ. ಎಚ್ಚರವಾದರೆ ಕಾಲು ನೆಲಕ್ಕೆ ಊರಿ, 'ಇದು ದಿಗಿಲು' ಎಂದು ಬಾಯಿಬಿಟ್ಟು ಹೇಳಿ, ಕಿಟಕಿಯಿಂದ ಒಂದೇ ಸಲ ನೋಡಿ ಮಲಗಬೇಕು. ಸತ್ತ ಆಳಿನ ವಿಷಯ ಪದ ಜೋಡಿಸಿದರೆ ತೀರುವಂಥದ್ದಲ್ಲ. ಅದಕ್ಕೆ ಮನೋವೈದ್ಯರ ಬಳಿ ಕಳಿಸಿದೆ. ದಾರಿ ದೂರವಿರುವವರು 14416ಕ್ಕೆ ಫೋನ್ ಮಾಡಬಹುದು. ಅದು ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಮನೆಯವರಿಗೆ ಹೇಳಿದ್ದು ಒಂದೇ: ಹುಷಾರು ಅನ್ನುವ ಬದಲು ಸುದ್ದಿ ಹೇಳಿ. 'ಇವತ್ತು ಹೊಳೆಯಾಚೆ ಇದೆಯಂತೆ' ಅಂದರೆ ಮನುಷ್ಯ ದಾರಿ ಬದಲಿಸಬಹುದು. ಬರೀ ಹುಷಾರು ಅಂದರೆ ಏನು ಮಾಡಬೇಕು? ಎದೆ ಹಿಡಿದುಕೊಂಡೇ ಹೋಗಬೇಕು.

ನನ್ನ ಫೈಲಿನಲ್ಲಿ ಆ ಪ್ರಶ್ನೆಯ ಅಂಕ 0ಯಿಂದ 4ಕ್ಕೆ ಏರಿದೆ. ನೋಡಿದವರು ಕಾಯಿಲೆ ಹೆಚ್ಚಾಯಿತು ಅಂದುಕೊಂಡಾರು. ಕಳೆದ ವಾರ ಬಂದಾಗ ಅವರೇ ಮೂರು ಅಂದರು. ಈಗಲೂ ರಾತ್ರಿ ಎರಡಕ್ಕೆ ಎದ್ದೇಳುತ್ತಾರೆ. ಹೊರಡುವಾಗ ಹೆಂಡತಿ ಬಾಗಿಲಲ್ಲಿ "ಹುಷಾ..." ಅಂದವರು ನಾಲಿಗೆ ಕಚ್ಚಿಕೊಂಡು, "ಮೆಟ್ಲು ಒದ್ದೆಯಾಗಿದೆ" ಅಂದರು.